ಚೊಂಬಿನ ಮೇಲಿನ ಹೆಸರು

ಮೇಟಗಳ್ಳಿಯ ಹೊಲಗಳ ನಡುವೆ ಕಾರ್ಖಾನೆಗಳ ಗೋಡೆಗಳು ಆಗತಾನೆ ಎದ್ದು ನಿಲ್ಲುತ್ತಿದ್ದ ಕಾಲವದು. ನಮ್ಮ ಮನೆಯ ಹಿಂದಿನ ಹೊಲ ಇನ್ನೂ ನಮ್ಮದೇ ಆಗಿತ್ತು. ಮಾಗಿಯ ಇಬ್ಬನಿ ಬಿದ್ದ ಅವರೆಗಿಡದ ವಾಸನೆ ಬೆಳಗಾಗುತ್ತಲೇ ಒಳಮನೆಯವರೆಗೂ ಬರುತ್ತಿತ್ತು. ಇಬ್ಬನಿ ಹೆಚ್ಚಿದಷ್ಟೂ ಕಾಯಿಗೆ ಸೊಗಡು ಹೆಚ್ಚು ಎಂಬುದನ್ನು ನನ್ನ ವಯಸ್ಸಿನ ಓದುಗರಿಗೆ ಹೇಳಬೇಕಾಗಿಲ್ಲ. ಆ ಸೊಗಡು ಬೆರಳಿಗೆ ಹತ್ತಿತೆಂದರೆ ಸೀಗೆಪುಡಿ ಹಾಕಿ ತಿಕ್ಕಿದರೂ ಎರಡು ದಿನ ಬಿಡುತ್ತಿರಲಿಲ್ಲ.

ನನಗೆ ಅಪ್ಪನ ತಾಯಿಯ ಹೆಸರನ್ನಿಟ್ಟಿದ್ದರು: ದೇವೀರಮ್ಮ. ಸೊಸೆಯಾದವಳು ಅತ್ತೆಯ ಹೆಸರನ್ನು ಬಾಯಲ್ಲಿ ಆಡಬಾರದು. ಹೀಗಾಗಿ ಅವ್ವ ನನ್ನನ್ನು ತೊಟ್ಟಿಲಿನಿಂದಲೇ ‘ಪುಟ್ಟವ್ವ’ ಎಂದಳು. ಹೆತ್ತ ತಾಯಿಯ ಹೆಸರು ಹಿಡಿದು ಕೂಗಲು ಅಪ್ಪನಿಗೂ ನಾಲಗೆ ಬರಲಿಲ್ಲ. ಅವರಿಗೂ ನಾನು ಪುಟ್ಟವ್ವನೇ. ಆ ಮನೆಯಲ್ಲಿ ಆ ಹೆಸರನ್ನು ಬಳಸುವ ಹಕ್ಕಿದ್ದದ್ದು ಅಜ್ಜಿಯೊಬ್ಬಳಿಗೆ. “ದೇವೀರೀ, ಬಾರವ್ವ ಇಲ್ಲಿ. ಈ ಮನೇಲಿ ನನ್ ಹೆಸ್ರ ನಾನೇ ಕೂಗ್ಕೋಬೇಕು” ಎಂದು ಕರೆದು, ಅಳಗುಳಿಮಣೆಯನ್ನು ಮುಂದಿಟ್ಟುಕೊಂಡು, ಹುಣಸೆಬೀಜಗಳನ್ನು ಸೆರಗಿನಲ್ಲಿ ಅಡಗಿಸಿ ನನಗೆ ಮೋಸ ಮಾಡುತ್ತಿದ್ದಳು. ನಾನು ಕ್ಷಮಿಸಿದ ಮೋಸ ಅದೊಂದೇ.

ಮನೆಯ ಹೊರಗೆ ಆ ಹೆಸರು ಪೂರ್ತಿಯಾಗಿ ಕೇಳಿಬರುತ್ತಿದ್ದುದು ಶಾಲೆಯಲ್ಲಿ ಹಾಜರಿ ಕೂಗುವಾಗ. ಮೈಸೂರಿನ ಹೆಣ್ಣುಮಕ್ಕಳ ಹೈಸ್ಕೂಲು, ಹೆಸರು ಬೇಡ. ಮೂರು ಮೈಲಿ ನಡೆದು ಹೋಗಿ ಆ ಒಂದು ಕೂಗಿಗೆ “ಪ್ರೆಸೆಂಟ್ ಮಿಸ್” ಎನ್ನುವುದು ನನಗೆ ದಿನದ ಸಂಭ್ರಮವಾಗಿತ್ತು. ನಾನು ಹತ್ತನೆಯ ತರಗತಿಯಲ್ಲಿದ್ದ ಮಾಗಿಯಲ್ಲಿ ಅದನ್ನು ನನ್ನಿಂದ ಕಿತ್ತುಕೊಂಡರು. ಅದರ ಬದಲಿಗೆ ಕೊಟ್ಟ ಹೆಸರನ್ನು ನಾನು ಈ ಬರಹದಲ್ಲಿ ಬರೆಯುವುದಿಲ್ಲ. ಬರೆದವರು ಬೇಕಾದಷ್ಟು ಜನರಿದ್ದಾರೆ.

ಆದರೆ ಈಗ ರಾಮಕೃಷ್ಣನಗರದ ನಮ್ಮ ಮನೆಯ ಟೀವಿಯಲ್ಲಿ ಆ ಹೆಸರು ಪ್ರತಿ ಶನಿವಾರ ಕೇಳಿಸುತ್ತಿದೆ. ಮೊಮ್ಮಗಳು ಅನ್ವಿತಾ ನೋಡುವ ಮಾಯಾಲೋಕದ ಧಾರಾವಾಹಿಯೊಂದಿದೆ. ಅದರಲ್ಲಿ ಹಾರುವ ಹಡಗುಗಳು, ಮೂರು ಕಣ್ಣಿನ ತೋಳಗಳು, ಸತ್ತ ಮೇಲೂ ರಾಜ್ಯವಾಳುವ ರಾಣಿಯರು ಎಲ್ಲ ಇದ್ದಾರೆ. ಅಷ್ಟೆಲ್ಲ ಕಲ್ಪಿಸಿದವರಿಗೆ ಹೆಸರುಗಳು ಮಾತ್ರ ಸಿಗಲಿಲ್ಲವೆಂದು ತೋರುತ್ತದೆ. ಇಂಗ್ಲೆಂಡಿನ ಹಳೆಯ ನಾಟಕಕಾರನೊಬ್ಬನ ಪಾತ್ರಗಳ ಹೆಸರುಗಳನ್ನು ಎತ್ತಿಕೊಂಡು ತಮ್ಮವರಿಗೆಲ್ಲ ಅಂಟಿಸಿದ್ದಾರೆ. ಯಾವ ಹೆಸರು ಯಾವ ನಾಟಕದ್ದೆಂದು ಪತ್ತೆ ಹಚ್ಚಿ ನೋಟ್‌ಬುಕ್ಕಿನಲ್ಲಿ ಬರೆದಿಡುವುದು ಅನ್ವಿತಾಳಿಗೆ ಆಟ. “ಅಜ್ಜಿ, ಹೆಣ್ಮಕ್ಕಳಿಗೆ ರಾಜ್ಯ ಹಂಚಿ ಹುಚ್ಚನಾಗ್ತಾನಲ್ಲ, ಆ ರಾಜನ ಹೆಸರು ಇಲ್ಲಿ ಕುರುಡು ಡ್ರ್ಯಾಗನ್‌ಗೆ ಇಟ್ಟಿದಾರೆ” ಎನ್ನುತ್ತಾಳೆ. ಕಳೆದ ವರ್ಷ ಅದರಲ್ಲಿ ಹೊಸದೊಂದು ಮೃಗ ಬಂತು. ಗೂನುಬೆನ್ನಿನ, ಮೀನಿನ ಚರ್ಮದ, ಸರಪಳಿ ಹಾಕಿದ ಮೃಗ. ಮಾಂತ್ರಿಕ ಅದನ್ನು ಹೆಸರು ಹಿಡಿದು ಕೂಗಿದ. ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಿದ್ದ ನಾನು, ಐವತ್ತು ವರ್ಷಗಳ ನಂತರವೂ, “ಹಾ” ಎಂದು ಓಗೊಟ್ಟೆ.

ನಮ್ಮ ಇಂಗ್ಲಿಷ್ ಮಿಸ್ ಪಂಕಜಾ ಎಂಬವರು. ಪಿನ್ ಚುಚ್ಚಿದ ಸೆರಗು, ನೆಟ್ಟಗಿನ ಬೆನ್ನು. ಪ್ರತಿ ವರ್ಷ ವಾರ್ಷಿಕೋತ್ಸವಕ್ಕೆ ಆ ನಾಟಕಕಾರನ ಒಂದು ನಾಟಕವನ್ನು ಇಂಗ್ಲಿಷಿನಲ್ಲಿಯೇ ಆಡಿಸುತ್ತಿದ್ದರು. ಅದಕ್ಕೊಂದು ನಿಯಮ ಮಾಡಿದ್ದರು. ಪಾತ್ರ ಹಂಚಿದ ದಿನದಿಂದ ನಾಟಕ ಮುಗಿಯುವ ದಿನದವರೆಗೆ, ಶಾಲೆಯ ಗೇಟಿನೊಳಗೆ ಪಾತ್ರ ಮಾಡುವವರನ್ನು ಯಾರೂ ಸ್ವಂತ ಹೆಸರಿನಿಂದ ಕರೆಯಕೂಡದು. ಹಾಜರಿಯೂ ಪಾತ್ರದ ಹೆಸರಿನಲ್ಲೇ. ತಪ್ಪಿದವಳು ಬಿಸಿಲಿನಲ್ಲಿ ಧ್ವಜಸ್ತಂಭವನ್ನು ಹತ್ತು ಸುತ್ತು ಓಡಬೇಕು. ಒಮ್ಮೆ ಒಬ್ಬಳ ತಂದೆ ಮರೆತ ಊಟದ ಡಬ್ಬಿ ತಂದು ಗೇಟಿನಲ್ಲಿ ಮಗಳ ಹೆಸರು ಹೇಳಿದಾಗ, ಸರದಿಯ ಮೇಲೆ ಕಾವಲಿದ್ದ ಹುಡುಗಿ “ಆ ಹೆಸರಿನವರು ಇಲ್ಲಿ ಯಾರೂ ಇಲ್ಲ” ಎಂದು ಅವರನ್ನು ವಾಪಸು ಕಳಿಸಿದ್ದಳು. ಮಿಸ್ ಅವಳನ್ನು ತರಗತಿಯ ಮುಂದೆ ನಿಲ್ಲಿಸಿ ಚಪ್ಪಾಳೆ ತಟ್ಟಿಸಿದರು. ಇದು ರಂಗಭೂಮಿಯ ಶಿಸ್ತು, ಕಲಿಯಿರಿ, ಎಂದರು. ಡಬ್ಬಿಯ ಹುಡುಗಿ ಅಂದು ಉಪವಾಸವಿದ್ದಳು.

ಆ ವರ್ಷದ್ದು ದ್ವೀಪವೊಂದರ ಕಥೆ. ಒಬ್ಬ ಮಾಂತ್ರಿಕ, ಅವನ ಮಗಳು, ಗಾಳಿಯಲ್ಲಿ ತೇಲುವ ಒಂದು ದೇವತೆ. ಜೊತೆಗೆ ಸೌದೆ ಹೊರುವ ಒಬ್ಬ ದಾಸ. ಅರ್ಧ ಮನುಷ್ಯ, ಅರ್ಧ ಮೃಗ. ನಾನು ನಾಲ್ವರ ಮಾತುಗಳನ್ನೂ ಬಾಯಿಪಾಠ ಮಾಡಿದ್ದೆ. ಕೆರೆ ಏರಿಯ ಮೇಲೆ ಎಮ್ಮೆ ಮೇಯಿಸುತ್ತಾ ಗಾಳಿದೇವತೆಯ ಮಾತುಗಳನ್ನು ಆಡಿ ಆಡಿ, ನಮ್ಮ ಎಮ್ಮೆಗೂ ಆ ಇಂಗ್ಲಿಷ್ ಅಭ್ಯಾಸವಾಗಿತ್ತು. ತರಗತಿಯಲ್ಲಿ ಅದನ್ನು ತಪ್ಪಿಲ್ಲದೆ ಒಪ್ಪಿಸಿದೆ. ಮಿಸ್ ಕಣ್ಣು ಮುಚ್ಚಿಕೊಂಡು ಕೇಳಿದರು. ಕಣ್ಣು ತೆರೆದು ನನ್ನನ್ನು ನೋಡಿದರು.

“ಉಚ್ಚಾರಣೆ ಚೆನ್ನಾಗಿದೆ. ಆದರೆ ನೀನು ಹಾರೋದನ್ನ ಯಾರು ನಂಬ್ತಾರಮ್ಮ? ಆ ದಾಸನ ಪಾರ್ಟು ಮಾಡು. ಸೌದೆ ಹೊರೋದು ನಿನಗೆ ಹೇಳಿಕೊಡಬೇಕಾಗಿಲ್ಲ.”

ಮೂವತ್ತೆಂಟು ಹುಡುಗಿಯರು ನಕ್ಕರು. ಮೊದಲು ನಕ್ಕವಳು ನನ್ನ ಪಕ್ಕದಲ್ಲೇ ಕುಳಿತಿದ್ದ ಸುಲೋಚನಾ. ಮಾಂತ್ರಿಕನ ಮಗಳ ಪಾತ್ರ ಸಿಕ್ಕಿದ್ದು ಅವಳಿಗೆ. ವಕೀಲರ ಮಗಳು, ಎರಡು ಜಡೆ, ಕೈಗೆ ಗಡಿಯಾರ. “ಕೈ ತೊಳ್ಕೊಂಡು ಬಾರೇ, ಪುಸ್ತಕಕ್ಕೆಲ್ಲ ತಿಗಣೆ ವಾಸನೆ ಹತ್ತತ್ತೆ” ಎಂದು ಅವಳು ನನ್ನ ಬೆರಳುಗಳನ್ನು ನೋಡಿ ಮೂಗು ಮುಚ್ಚಿಕೊಳ್ಳುತ್ತಿದ್ದಳು. ಮಧ್ಯಾಹ್ನ ಅದೇ ಬೆರಳುಗಳು ಸುಲಿದ ಅವರೆಕಾಳಿನ ಉಪ್ಪಿಟ್ಟನ್ನು ನನ್ನ ಡಬ್ಬಿಯಿಂದ ತೆಗೆದುಕೊಂಡು ತಿನ್ನುತ್ತಿದ್ದಳು. ಆ ಮಾಗಿಯಲ್ಲಿ ಹನ್ನೊಂದು ಸಲ.

ಮರುದಿನದಿಂದ ಹಾಜರಿಯಲ್ಲಿ ಮೃಗದ ಹೆಸರು. ನೀರಿನ ನಲ್ಲಿಯ ಬಳಿ, ಕುಂಟೆಬಿಲ್ಲೆಯ ಅಂಕಣದಲ್ಲಿ, ಪ್ರಾರ್ಥನೆಯ ಸಾಲಿನಲ್ಲಿ ಅದೇ ಹೆಸರು. ಕೆಳ ತರಗತಿಯ ಮಕ್ಕಳು ಕೂಗಿ ಓಡಿಹೋಗುತ್ತಿದ್ದರು. ಉಳಿದವರಿಗೆ ಆ ನಿಯಮ ಆಟವಾಗಿತ್ತು. ಮಾಂತ್ರಿಕನ ಮಗಳೆಂದು ಕರೆಸಿಕೊಳ್ಳುವುದು ಯಾರಿಗೆ ಕಹಿ?

ಮನೆಯಲ್ಲಿ ಅಜ್ಜಿ ಕೇಳಿದಳು. “ಏನ್ ವೇಸ ಕಟ್ತೀಯೆ ದೇವೀರಿ?”

“ರಾಣಿ ವೇಷ ಅಜ್ಜಿ” ಎಂದೆ.

ಇದು ನಾನು ಹೇಳಿದ ಸುಳ್ಳು. ಬೇರೆಯವರ ತಪ್ಪುಗಳನ್ನು ಇಷ್ಟು ವಿವರವಾಗಿ ಬರೆಯುವವಳು ಇದನ್ನೂ ಬರೆಯಬೇಕು. ಅಜ್ಜಿ ಬೀದಿಗೆಲ್ಲ ಸಾರಿದಳು. ಕೆಮ್ಮು ಹೆಚ್ಚಾಗಿ ಜಗುಲಿಗೂ ಬರಲಾಗದೆ ಮಲಗಿದ ಮೇಲೂ, ನೋಡಲು ಬಂದವರಿಗೆಲ್ಲ ಅದೇ ಮಾತು. “ನಮ್ ಉಡ್ಗಿ ಇಂಗ್ಲೀಸ್ನಲ್ಲಿ ರಾಣಿ ಆಯ್ತಾಳೆ. ಅದ್ನೊಂದ್ ನೋಡ್ಬುಟ್ಟು ಓಯ್ತೀನಿ.”

ನಾಟಕಕ್ಕೆ ಒಂಬತ್ತು ದಿನವಿರುವಾಗ, ಒಂದು ಮಧ್ಯಾಹ್ನ, ಶಾಲೆಯ ಹಾಲ್‌ನಲ್ಲಿ ತಾಲೀಮು ನಡೆದಿತ್ತು. ಗೋಣಿಚೀಲಕ್ಕೆ ಮೂರು ತೂತು ಮಾಡಿ ನನಗೆ ತೊಡಿಸಿದ್ದರು. ಗೇಟು ಕಾಯುವ ಸರದಿ ಮುಗಿಸಿಕೊಂಡು ಸುಲೋಚನಾ ಒಳಗೆ ಬಂದಳು. ಬಂದವಳೇ ನಗು ತಡೆಯಲಾರದೆ ಕಂಬ ಹಿಡಿದುಕೊಂಡಳು.

“ಗೇಟಿಗೆ ಒಬ್ಬಳು ಹೆಂಗಸು ಬಂದಿದ್ದಳು ಕಣ್ರೇ. ಕಾಲಲ್ಲಿ ಚಪ್ಪಲಿ ಇಲ್ಲ, ಮೊಣಕಾಲ ತನಕ ಧೂಳು. ‘ರಾಣೀನ ಕರೀರವ್ವ, ವಸಿ ರಾಣೀನ ಕರೀರವ್ವ’ ಅಂತಾಳೆ. ಯಾವ ರಾಣಿ ಅಂದ್ರೆ ಹೆಸರು ಹೇಳೋಕೆ ಬರಲ್ಲ. ಬಾಯಿ ಮುಚ್ಕೊಂಡು ಅಳ್ತಾಳೆ. ಅರಮನೆ ಆ ಕಡೆ ಅದೆ, ಹೋಗಮ್ಮ ಅಂದೆ.”

ಅವಳು ಕುತ್ತಿಗೆ ಬಾಗಿಸಿ, ಸೆರಗನ್ನು ಬಾಯಿಗೆ ಒತ್ತಿ ಆ ಹೆಂಗಸನ್ನು ನಟಿಸಿ ತೋರಿಸಿದಳು. ಚೆನ್ನಾಗಿ ನಟಿಸಿದಳು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಿಸ್ ಕೂಡ ಮುಗುಳುನಕ್ಕರು. ‘ರಾಣಿ’ ಎಂಬ ಮಾತು ಕಿವಿಗೆ ಬಿದ್ದಾಗ ಅಜ್ಜಿಗೆ ಹೇಳಿದ ಸುಳ್ಳು ಒಂದು ಕ್ಷಣ ನೆನಪಿಗೆ ಬಂತು. ಆದರೆ ಎಷ್ಟೋ ದಿನಗಳಾದ ಮೇಲೆ ಅವರೆಲ್ಲ ನನ್ನನ್ನು ಬಿಟ್ಟು ಬೇರೆ ಯಾರನ್ನೋ ನೋಡಿ ನಗುತ್ತಿದ್ದರು. ಆ ಸಾಲಿನಲ್ಲಿ ನನಗೂ ಜಾಗ ಸಿಕ್ಕಿತ್ತು. ಎಲ್ಲರಿಗಿಂತ ಗಟ್ಟಿಯಾಗಿ ನಕ್ಕವಳು ನಾನು. ಸುಲೋಚನಾ ನನ್ನ ಮುಖವನ್ನೇ ನೋಡುತ್ತಿದ್ದಳು.

ಸಂಜೆ ಮನೆಗೆ ಬಂದಾಗ ಅಜ್ಜಿಯನ್ನು ಜಗುಲಿಯ ಮೇಲೆ ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಸೇವಂತಿಗೆ ಹಾರ. ಜಗುಲಿಯ ಮೂಲೆಯಲ್ಲಿ ಅರ್ಧ ಹಿತಕಿದ ಅವರೆಕಾಳು ಮೊರದಲ್ಲಿ ಹಾಗೆಯೇ ಇತ್ತು.

ಅವ್ವ ಮೂರು ದಿನ ನನ್ನೊಡನೆ ಮಾತಾಡಲಿಲ್ಲ. ಹಾಲುತುಪ್ಪ ಬಿಟ್ಟು ಬಂದ ಮೇಲೆ, ಹಿತ್ತಿಲಲ್ಲಿ ನನ್ನ ತಲೆಗೆ ನೀರು ಹಾಕುತ್ತಾ ಹೇಳಿದಳು.

“ನಾ ಬಂದಿದ್ದೆ ಕಣವ್ವ ನಿನ್ನ ಇಸ್ಕೂಲ್ ತಾವ.”

ಮುಖದ ನೀರು ಒರೆಸಿಕೊಂಡು ಅವಳತ್ತ ತಿರುಗಿದೆ.

“ನಿಮ್ಮಪ್ಪ ಡಾಕ್ಟ್ರ ಕರಿಯಾಕೆ ಓದ್ರು. ಅತ್ತೆ ಕಣ್ ಮುಚ್ಕಂಡು ನಿನ್ನೇ ಕೂಗ್ತಿದ್ರು. ಪಕ್ಕದ್ ಮನೆಯವ್ರ ಕೂರುಸ್ಬುಟ್ಟು ಓಡ್ಬಂದೆ. ಅವ್ಳು, ಎಲ್ಡು ಜಡೆ ಉಡ್ಗಿ, ಹೆಸ್ರೇನು ಅಂದ್ಳು. ನಾನೆಂಗವ್ವ ಏಳ್ಲಿ? ಅತ್ತೆ ಉಸ್ರಾಡ್ತಾ ಮಲಗವ್ರೆ, ಅವ್ರ ಹೆಸ್ರ ಎಂಗೆ ಬಾಯಲ್ಲಿ ಅನ್ಲಿ? ರಾಣಿ ವೇಸದ ಉಡ್ಗಿ ಅಂದೆ. ನಕ್ಬುಟ್ಳು. ಈ ನಾಟ್ಕದಲ್ಲಿ ರಾಣಿನೇ ಇಲ್ಲ ಅಂದ್ಳು.”

“ಯಾಕೆ ಅಂತ ಹೇಳ್ಬಾರ್ದಿತ್ತಾ ಅವ್ವ?”

“ಜೀವ ಇರೋವಾಗ ಸಾವಿನ ಮಾತ ಕಂಡೋರ ಗೇಟಲ್ಲಿ ಆಡ್ತಾರಾ?” ಚೊಂಬಿನಲ್ಲಿ ನೀರು ತೆಗೆದವಳು ಹುಯ್ಯದೆ ನಿಂತಳು. “ಕೊನೀಗೆ ಅಂದ್ಬುಟ್ಟೆ. ಕಣ್ ಮುಚ್ಕಂಡು ಅತ್ತೆ ಹೆಸ್ರ ಪೂರ್ತಿ ಅಂದ್ಬುಟ್ಟೆ. ಆ ಹೆಸ್ರಿನೋರು ಇಲ್ಲಿ ಯಾರೂ ಇಲ್ಲ ಅಂದ್ಳು. ನಾ ಮನೀಗೆ ಬರೋ ಒತ್ಗೆ ಅವ್ರು ಇರ್ನಿಲ್ಲ.”

ಮದುವೆಯಾಗಿ ಬಂದ ಮೇಲೆ ಒಮ್ಮೆಯೂ ಆಡದ ಹೆಸರನ್ನು ತಾನು ಆಡಿದ್ದರಿಂದಲೇ ಅತ್ತೆಯ ಪ್ರಾಣ ಹೋಯಿತೆಂದು ಅವ್ವ ಸಾಯುವವರೆಗೂ ನಂಬಿದ್ದಳು. ಊರಿನಲ್ಲಿ ಯಾರಿಗೂ ಹೇಳಲಿಲ್ಲ. ನನಗೆ ಹೇಳಿದ್ದೂ ಅದೊಂದೇ ಬಾರಿ.

ನನಗೆ ಅರ್ಥವಾದದ್ದು ಬೇರೆ. ಅವ್ವ ನನ್ನ ಹೆಸರನ್ನು ಪೂರ್ತಿಯಾಗಿ ಹೇಳಿದ್ದಳು. ಎರಡು ವರ್ಷ ಒಂದೇ ಬೆಂಚಿನಲ್ಲಿ ಕುಳಿತವಳಿಗೆ ಆ ಹೆಸರು ಯಾರದೆಂದು ಗೊತ್ತಿತ್ತು. ಗೊತ್ತಿದ್ದೇ ಹಾಲ್‌ಗೆ ಬಂದು, ಹೆಸರಿನ ಭಾಗವನ್ನು ಮಾತ್ರ ಬಿಟ್ಟು ಕಥೆ ಹೇಳಿದ್ದಳು. ನಾನು ನಗುತ್ತೇನೋ ಇಲ್ಲವೋ ನೋಡಲು.

ಮತ್ತೆ ಶಾಲೆಗೆ ಹೋದ ದಿನ, ಅವ್ವನನ್ನು ಯಾಕೆ ವಾಪಸು ಕಳಿಸಿದೆ ಎಂದು ಮಿಸ್ ಮುಂದೆಯೇ ಅವಳನ್ನು ಕೇಳಿದೆ.

“ನಂಗೇನೇ ಗೊತ್ತು? ನಿಮ್ಮಮ್ಮ ರಾಣಿ ಅಂದ್ರು. ನೀನು ಯಾವತ್ತು ರಾಣಿ ಆದೆ?” ಎಂದಳು ಸುಲೋಚನಾ.

ಮಿಸ್ ರಿಜಿಸ್ಟರಿನಿಂದ ತಲೆ ಎತ್ತಿದರು. “ಅಜ್ಜಿ ಹೋದದ್ದು ದುಃಖದ ವಿಷಯ. ಆದರೆ ಅವಳು ನಿಯಮ ಪಾಲಿಸಿದ್ದಾಳೆ. ನೀನು ಮನೆಯಲ್ಲಿ ಸುಳ್ಳು ಹೇಳಿದ್ದಕ್ಕೆ ಅವಳನ್ನ ದೂರಬೇಡ.” ಕೊನೆಗೆ, ನನ್ನನ್ನು ಸಮಾಧಾನಪಡಿಸುವವರಂತೆ ಭುಜ ಮುಟ್ಟಿ, ಆ ಮೃಗದ ಹೆಸರಿನಿಂದ ನನ್ನನ್ನು ಕರೆದು, “ಹೋಗು, ಮುಖ ತೊಳ್ಕೋ” ಎಂದರು.

ಹನ್ನೊಂದರ ತಿಥಿಗೆ ಎರಡು ದಿನವಿರುವಾಗ ನಾಟಕ ಬಂತು. ಸೂತಕದಲ್ಲಿ ಬಣ್ಣ ಹಚ್ಚುವುದೇ ಎಂದು ಅಪ್ಪ ಬೇಡವೆಂದರು. ಅವ್ವ ಕಳಿಸಿದಳು. “ಅವ್ರು ಆಸೆಪಟ್ಟಿದ್ರು. ರಾಣಿ ವೇಸ ಕಟ್ಬುಟ್ಟು ಬಾ ಮಗ” ಎಂದಳು. ಆಗಲೂ ನಾನು ನಿಜ ಹೇಳಲಿಲ್ಲ.

ಗೋಣಿಚೀಲದಲ್ಲಿ ಸೌದೆ ಹೊತ್ತು ರಂಗದ ಮೇಲೆ ತೆವಳಿದೆ. ಆ ದಾಸನ ಮಾತುಗಳಲ್ಲಿ ಶಾಪಗಳೇ ಹೆಚ್ಚು. ಒಂದೊಂದನ್ನೂ ಮಾಂತ್ರಿಕನಿಗೆ ಹೇಳದೆ ಮಗಳ ಕಡೆಗೆ ತಿರುಗಿ ಹೇಳಿದೆ. ಕೊನೆಯದನ್ನು ಹೇಳುವಾಗ ಉಗುಳಿದೆ. ಅದು ಸುಲೋಚನಾಳ ರೇಷ್ಮೆ ಲಂಗದ ಮೇಲೆ ಬಿತ್ತು. ಅವಳು ನಿಜವಾಗಿಯೇ ಹೆದರಿ ಹಿಂದೆ ಸರಿದಳು. ಮುಖ್ಯ ಅತಿಥಿಗಳು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಎಂಥ ಅಭಿನಯ ಎಂದರಂತೆ.

ಪಾತ್ರ ಮಾಡಿದವರಿಗೆಲ್ಲ ಒಂದೊಂದು ಸ್ಟೀಲ್ ಚೊಂಬು ಕೊಟ್ಟರು. ಮಿಸ್ ಮೊದಲೇ ಪಾತ್ರೆ ಅಂಗಡಿಯಲ್ಲಿ ಹೆಸರು ಕೊರೆಸಿಟ್ಟಿದ್ದರು, ಇಂಗ್ಲಿಷ್ ಅಕ್ಷರಗಳಲ್ಲಿ, ಚುಕ್ಕೆ ಚುಕ್ಕೆಯಾಗಿ. ಎಲ್ಲರಿಗೂ ಪಾತ್ರದ ಹೆಸರೇ.

ಅವ್ವನಿಗೆ ಓದು ಬಾರದು. ಆ ಚುಕ್ಕೆಗಳ ಮೇಲೆ ಬೆರಳಾಡಿಸಿ ಕೇಳಿದಳು. “ಇದ್ರಲ್ಲಿ ನಿನ್ ಹೆಸ್ರ ಬರ್ದವ್ರಾ?”

“ಹೂಂ” ಎಂದೆ.

“ಅಂದ್ರೆ ಅವ್ರ ಹೆಸ್ರೂ ಆಯ್ತು.” ಅವಳು ಚೊಂಬನ್ನು ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದು, ಆ ಅಕ್ಷರಗಳ ಮೇಲ್ಗಡೆ ಮೂರು ಬೆರಳು ವಿಭೂತಿ ಎಳೆದಳು. “ಬಾಯಲ್ಲಿ ಅಂದು ತಪ್ ಮಾಡ್ದೆ ಕಣವ್ವ. ಇನ್ಮ್ಯಾಕೆ ಕಣ್ಣಲ್ಲಿ ನೋಡ್ಕಂಡು ಕೈ ಮುಗಿತೀನಿ.”

ಅಂದಿನಿಂದ ಪ್ರತಿ ವರ್ಷ ಹಿರಿಯರ ಹಬ್ಬದಲ್ಲಿ ಅಜ್ಜಿಯ ಎಡೆಯ ಪಕ್ಕಕ್ಕೆ ನೀರು ತುಂಬಿ ಇಡುತ್ತಿದ್ದುದು ಅದೇ ಚೊಂಬು. ಅದರ ಮುಂದೆ ಅವ್ವ ಮಂಡಿಯೂರಿ, ಹಣೆಯನ್ನು ನೆಲಕ್ಕೆ ಹಚ್ಚಿ, ತುಟಿಯಲ್ಲಾಡಿಸದೆ ಕ್ಷಮೆ ಕೇಳುತ್ತಿದ್ದಳು. ಮೂವತ್ತೊಂದು ವರ್ಷ ಕೇಳಿದಳು. ಅವಳು ನಮಸ್ಕರಿಸುತ್ತಿದ್ದದ್ದು ಯಾವ ಹೆಸರಿಗೆಂದು ನಾನು ಒಂದು ವರ್ಷವೂ ಹೇಳಲಿಲ್ಲ. ಅವ್ವನಿಗೆ ನೋವಾದೀತೆಂದು ಸುಮ್ಮನಿದ್ದೆನೆಂದು ಮೊದಮೊದಲು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಹೇಳಿದ್ದರೆ, ರಾಣಿಯ ಸುಳ್ಳನ್ನೂ, ಹಾಲ್‌ನಲ್ಲಿ ನಕ್ಕದ್ದನ್ನೂ ಹೇಳಬೇಕಾಗುತ್ತಿತ್ತು.

ಅವ್ವ ಹೋದ ಮೇಲೆ ಆ ಚೊಂಬು ನನ್ನ ಮನೆಗೆ ಬಂತು. ಕಳೆದ ವರ್ಷದ ಹಿರಿಯರ ಹಬ್ಬದಲ್ಲಿ ನೀರು ತುಂಬಲು ಅನ್ವಿತಾಳ ಕೈಗೆ ಕೊಟ್ಟೆ. ಅವಳು ಅದನ್ನು ತಿರುಗಿಸಿ ನೋಡಿ, ಆ ಹೆಸರನ್ನು ಗಟ್ಟಿಯಾಗಿ ಓದಿದಳು. ದೇವರ ಮನೆಯಲ್ಲಿ.

“ಅಜ್ಜಿ, ಇದು ನಮ್ಮ ಸೀರಿಯಲ್ ಮೃಗದ್ದು. ಇಲ್ಲಿ ಯಾಕಿದೆ?”

“ನೀರು ತುಂಬು” ಎಂದೆ.

“ಯಾರಿಗೆ ಇಡೋದು ಇದು?”

“ನನ್ನ ಅಜ್ಜಿಗೆ.”

“ಅವರ ಹೆಸರೇನು?”

ಉತ್ತರ ಹೇಳುವ ಬದಲು ಅವಳನ್ನೇ ಕೇಳಿದೆ, ನನ್ನ ಹೆಸರು ಗೊತ್ತೇ ಎಂದು. ಆ ಧಾರಾವಾಹಿಯ ನೂರಾರು ಹೆಸರುಗಳನ್ನು ನಾಟಕದ ಸಮೇತ ಒಪ್ಪಿಸಬಲ್ಲ ಹುಡುಗಿ ಹುಬ್ಬು ಗಂಟಿಕ್ಕಿದಳು. “ಗ್ಯಾಸ್ ಬುಕ್ಕಲ್ಲಿ ಇದೆಯಲ್ಲ ಅಜ್ಜಿ. ಡಿ ಏನೋ ಅಲ್ವಾ?”

ಅವಳ ತಪ್ಪಲ್ಲ. ನನ್ನ ಮಗನಿಗೆ ನಾನು ಅಮ್ಮ, ಸೊಸೆಗೆ ಅತ್ತೆ, ಬೀದಿಗೆ ಆಂಟಿ. ಹೋದ ಯಜಮಾನರು ಮೂವತ್ತೈದು ವರ್ಷ ‘ಇವಳೇ’ ಎಂದರು. ಅವರೆಯ ಹೊಲವಿದ್ದಲ್ಲಿ ಈಗ ಕಾರ್ಖಾನೆಯ ಲಾರಿಗಳು ನಿಲ್ಲುತ್ತವೆ. ಅದು ಹೋದದ್ದಕ್ಕೆ ನಾನು ಅಷ್ಟಾಗಿ ಮರುಗುವುದಿಲ್ಲ. ಈ ಬೆರಳುಗಳು ಈಗ ಯಾವ ವಾಸನೆಯನ್ನೂ ಹಿಡಿದಿಟ್ಟುಕೊಳ್ಳುವುದಿಲ್ಲ. ‘ದೇವೀರೀ’ ಎಂದು ಕೂಗಿದ ಒಂದೇ ಕೊರಳು ಆ ಮಾಗಿಯ ಮಧ್ಯಾಹ್ನ ಕೂಗುತ್ತಲೇ ನಿಂತುಹೋಯಿತು, ನಾನು ಮೂರು ಮೈಲಿ ದೂರದಲ್ಲಿ ನಗುತ್ತಿದ್ದಾಗ.

ಹಳೆಯ ಸಹಪಾಠಿಗಳದೊಂದು ವಾಟ್ಸಾಪ್ ಗುಂಪಿದೆ. ಸುಲೋಚನಾಳೇ ಕಟ್ಟಿದ್ದು. ಎಂಟು ಮಂದಿ ಉಳಿದಿದ್ದೇವೆ. ಎರಡು ವರ್ಷಗಳ ಹಿಂದೆ ಅವಳನ್ನು ನೇರವಾಗಿ ಕೇಳಿದ್ದೆ, ಗೇಟಿಗೆ ಬಂದ ಆ ಹೆಂಗಸು ನೆನಪಿದ್ದಾಳೆಯೇ ಎಂದು. “ಯಾವ ಹೆಂಗಸೇ? ನಂಗೇನೂ ನೆನಪಿಲ್ಲಪ್ಪ. ಅದೆಲ್ಲ ಎಷ್ಟು ಮಜಾ ದಿನಗಳು ಅಲ್ವಾ?” ಎಂದಳು. ಅವಳು ಸುಳ್ಳು ಹೇಳುತ್ತಿರಲಿಲ್ಲ. ಅದು ಸುಳ್ಳಾಗಿದ್ದರೆ ನನಗೆ ಸ್ವಲ್ಪ ಸಮಾಧಾನವಿರುತ್ತಿತ್ತು.

ಆ ಧಾರಾವಾಹಿ ಅವಳ ಮನೆಯಲ್ಲೂ ನಡೆಯುತ್ತದೆ. ಮೃಗದ ಚಿತ್ರವನ್ನು ಗುಂಪಿಗೆ ಕಳಿಸಿ, ನೋಡ್ರೇ ನಮ್ಮವಳು ಟೀವಿಯಲ್ಲಿ ಬಂದಿದ್ದಾಳೆ, ಎಂದು ಬರೆದಿದ್ದಳು. ನನ್ನ ಹುಟ್ಟಿದ ಹಬ್ಬಕ್ಕೆ ಶುಭಾಶಯ ಬಂದದ್ದೂ ಆ ಹೆಸರಿಗೇ. ಈ ಭೂಮಿಯ ಮೇಲೆ ನನ್ನನ್ನು ಹೆಸರು ಹಿಡಿದು ಕರೆಯುವವರು ಇನ್ನು ಆ ಏಳು ಜನ ಮಾತ್ರ. ಏಳು ಜನರೂ ಆ ಮೃಗದ ಹೆಸರಿನಿಂದಲೇ ಕರೆಯುತ್ತಾರೆ. ಫೋನು ಸದ್ದಾದಾಗ ಕನ್ನಡಕ ಹುಡುಕಿ ಹಾಕಿಕೊಳ್ಳುತ್ತೇನೆ. ಓಗೊಡುತ್ತೇನೆ.